ಟವೆಲ್ ಹೊದ್ದ ಹೆಗಲು

“ಚನ್ನವೀರಪ್ಪ ಗುಂಡು ಹಾರಿಸಿದ್ರ ಪೆಟ್ಟು ಆಕಾಶಕ್ಕಷ್ಟ,” ಎನ್ನುತ್ತಿದ್ದರು ಗೊರೇಬಾಳದ ನೆರೆಯವರು. ಅರವತ್ತರ ಹೊಸ್ತಿಲಲ್ಲಿ ಬಂದೂಕು ಕಲಿಯಹೊರಟ ಈ ಸಾಹುಕಾರರು, ಗುರಿಗೆಂದು ಗಾಳಿಗೆ ಎಸೆಯುವ ಮಣ್ಣಿನ ಬಿಲ್ಲೆ ಒಂದನ್ನೂ ಒಡೆದಿರಲಿಲ್ಲ. ಭಾನುವಾರದ ಪಂದ್ಯದಲ್ಲೂ ಒಡೆಯದಿದ್ದರೆ ಬಂದೂಕು ಬಿಡುವುದಾಗಿ ಬೀಗರ ಮುಂದೆ ಮಾತು ಕೊಟ್ಟುಬಿಟ್ಟಿದ್ದರು.

ಶನಿವಾರ ಅಂಗಳದಲ್ಲಿ, ಎಂದಿನಂತೆ ಹೆಗಲ ಮೇಲೆ ಟವೆಲ್ ಹೊದ್ದೇ ಖಾಲಿ ಬಂದೂಕು ಎತ್ತಿ ಗುರಿ ಹಿಡಿದಾಗ ಹೆಂಡತಿ ಪಾರ್ವತೆಮ್ಮ ನಕ್ಕಳು.

“ಬಂದೂಕು ಹೆಗಲಿಗೆ ಕೂಡಬೇಕಂತ ಕಲಿಸಾವ್ರು ಹೇಳ್ಯಾರಲ್ರೀ. ನಿಮ್ಮದು ಟವೆಲಿನ ಮಡಿಕಿ ಮ್ಯಾಲ ಕುಂತು ಜಾರಾಕತ್ತೈತಿ.”

“ಟವೆಲ್ ಇಲ್ದ ಮಂದ್ಯಾಗ ಹ್ಯಾಂಗ ನಿಂದರ್ಲಿ?”

“ಅಂಗಿ ಐತಲ್ರೀ ಮೈಮ್ಯಾಲ.”

ಸಾಹುಕಾರರು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಟವೆಲ್ ತೆಗೆದು ನೋಡಿದರು. ಬಂದೂಕು ಹೆಗಲಿಗೆ ಅಂಟಿ ಕೂತಿತು, ನಳಿಗೆ ಕಣ್ಣು ಹೋದಲ್ಲಿಗೇ ಹೋಯಿತು. ಆದರೂ ಬಾಗಿಲು ತೆಗೆಯುವ ಮುನ್ನ ಟವೆಲನ್ನು ಮತ್ತೆ ಹೆಗಲಿಗೇರಿಸಿದರು.

ಭಾನುವಾರ ಬೆಳಿಗ್ಗೆ, ಕೊಟ್ಟ ಮಾತಿನಂತೆ ಕೊನೆಯದೊಂದು ಪ್ರಯತ್ನಕ್ಕೆ ಬಂದೂಕು ಹಿಡಿದು, ಟವೆಲ್ ಇಲ್ಲದ ಬರಿಹೆಗಲಲ್ಲಿ ಹೊಸ್ತಿಲು ದಾಟಿದರು.

“ಸಾವ್ಕಾರ್ರ, ಟವೆಲ್ ತಗದಿಟ್ಟು ಜಳಕಕ್ಕ ಹೊಂಟೀರೇನು?” ಕಟ್ಟೆಯ ಮೇಲೆ ಕೂತವರು ಕೇಳಿದರು.

“ಇಲ್ಲಪ, ಬಿಲ್ಲೆ ಒಡ್ಯಾಕ,” ಎಂದು ನಡೆದೇಬಿಟ್ಟರು.