ಅಮ್ಮನ ಗ್ರೈಂಡರ್ ಮತ್ತು ಅರ್ಥಿಂಗ್ ಗುಂಡಿ

೧. ಶಿವಮೊಗ್ಗದ ಹೊಸಮನೆಯಲ್ಲಿ ನಾವು ಕಟ್ಟಿಸುತ್ತಿರುವ ಮನೆಗೆ ಇಂದು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿ ತೋಡಿದರು.
೨. ಪೈಪು ಇಳಿಸಿ, ಸುತ್ತಲೂ ಇದ್ದಿಲು ಮತ್ತು ಕಲ್ಲುಪ್ಪು ತುಂಬಿ ನೀರು ಹೊಯ್ದರು.
೩. ಅದರ ಮೇಲೆ ಟೈಲ್ಸ್ ಹಾಕಿ ಮುಚ್ಚಿಬಿಡೋಣವೇ ಎಂದು ಮೇಸ್ತ್ರಿ ಕೇಳಿದರು.

ಒದ್ದೆ ಇದ್ದಿಲಿನ ವಾಸನೆ ನನ್ನನ್ನು ಭದ್ರಾವತಿಯ ಓಲ್ಡ್ ಟೌನ್‌ಗೆ ಕರೆದೊಯ್ದಿತು. ಅಲ್ಲಿನ ನಮ್ಮ ಮನೆಯ ಗ್ರೈಂಡರ್ ಮುಟ್ಟಿದರೆ ಶಾಕ್ ಹೊಡೆಯುತ್ತಿತ್ತು. ಅಮ್ಮ ಮರದ ಮಣೆಯ ಮೇಲೆ ನಿಂತು ಹಿಟ್ಟು ರುಬ್ಬುತ್ತಿದ್ದಳು. ಒಂದು ಬೆಳಿಗ್ಗೆ ಕಾಲು ಜಾರಿ ನೆಲಕ್ಕೆ ತಾಗಿ, ಶಾಕ್ ಹೊಡೆದು ಬಿದ್ದಳು. ಅಪ್ಪ ಅಂದೇ ರಜೆ ಹಾಕಿ ಹಿತ್ತಲಿನಲ್ಲಿ ಗುಂಡಿ ತೋಡಿಸಿದರು.

ಇದ್ದಿಲು, ಉಪ್ಪು ಹೂಳುವುದನ್ನು ಪಕ್ಕದ ಮನೆಯ ಗೌರಕ್ಕ ಕಾಂಪೌಂಡಿನಾಚೆಯಿಂದ ನೋಡಿದರು.

"ಯಾರಿಗ್ರೀ ಮಾಟ ಮಾಡಿಸ್ತಿದೀರಾ?"

"ನಮ್ಮನೆ ಗ್ರೈಂಡರಿಗೆ ಕಣಕ್ಕಾ," ಎಂದಳು ಅಮ್ಮ.

ವೈರು ಜೋಡಿಸಿ, ಟೆಸ್ಟರ್ ಹಿಡಿದು ನೋಡಿದ ಅಪ್ಪ, "ಈಗ ಮುಟ್ಟು" ಎಂದರು. ಅಮ್ಮ ಮಣೆಯಿಂದಿಳಿದು, ಬರಿಗಾಲಿನಲ್ಲಿ ನಿಂತು, ಗ್ರೈಂಡರಿನ ಮೇಲೆ ಅಂಗೈ ಊರಿದಳು. ಏನೂ ಆಗಲಿಲ್ಲ. ಬಹಳ ಹೊತ್ತು ಅವಳು ಕೈ ತೆಗೆಯಲೇ ಇಲ್ಲ.

ಮಣ್ಣು ಒಣಗಿದರೆ ಅರ್ಥಿಂಗ್ ದುರ್ಬಲವಾಗುತ್ತದೆ ಎಂದು ಅಪ್ಪ ಹೇಳಿದ್ದರಿಂದ, ಬೇಸಿಗೆಯುದ್ದಕ್ಕೂ ಅವಳೇ ಆ ಗುಂಡಿಗೆ ನೀರು ಹಾಕುತ್ತಿದ್ದಳು.

ಇಂದು ಮೇಸ್ತ್ರಿಗೆ ಟೈಲ್ಸ್ ಬೇಡವೆಂದೆ. ಗುಂಡಿಗೆ ತೆಗೆದು ಹಾಕುವ ಮುಚ್ಚಳ ಇಡಿಸುತ್ತೇನೆ. ನೀರು ನಾನೇ ಹಾಕುತ್ತೇನೆ.