ಬಿಂಬುಳಿಗೂ ಹೋಗದ ಶಾಯಿ

ಅವರ ಬಲಗೈಯಲ್ಲಿ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಹೋಟೆಲಿನ ಒಲೆಗಳ ಉರಿ ಎಲ್ಲವನ್ನೂ ಎಂದೋ ಸುಟ್ಟುಹಾಕಿತ್ತು. ಮಕ್ಕಳೇ, ನೀವು ಕಾಣದ ನಮ್ಮ ಪಕ್ಕದ ಮನೆಯವರು ಅವರು, ಅಡುಗೆ ಕೆಲಸದವರು; ನಾನು ಅಣ್ಣಯ್ಯ ಎನ್ನುತ್ತಿದ್ದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಅಂಗಳ ದಾಟಲೂ ನಾಚುತ್ತಿದ್ದ ನನ್ನನ್ನು ಬಿಜೂರಿನ ಶಾಲೆಗೆ ಓಟು ಹಾಕಲು ಕರೆದೊಯ್ಯುತ್ತಿದ್ದವರು ಅವರೇ.

"ಹ್ವಾಯ್ ತಂಗಿ, ಬತ್ತಿಲ್ಯಾ? ನೀ ಬರ್ದಿರೆ ದಿಲ್ಲಿ ಸರ್ಕಾರವೇ ಬೀಳತ್ತ್ ಕಾಣ್!" ಎಂದು ಬೇಲಿಯಾಚೆಯಿಂದ ಕೂಗುತ್ತಿದ್ದರು.

ಆಮೇಲೆ ಕುವೈತಿಗೆ ಹೋದರು. ಅಲ್ಲಿಂದ ಇರಾಕಿಗೆ, ಅಮೆರಿಕದ ಸೈನಿಕರ ಕ್ಯಾಂಪಿನ ಅಡುಗೆಗೆ.

ತಿರುಗಿ ಬಂದ ಮೇಲೆ ಓಟಿನ ದಿನ ಅವರ ಕೂಗು ಕೇಳಲಿಲ್ಲ. ನಾನೊಬ್ಬಳೇ ಹೋಗಿ ಓಟು ಹಾಕಿ, ಬರುವಾಗ ಅವರ ಜಗಲಿ ಹತ್ತಿದೆ. ನನ್ನ ಬೆರಳಿನ ಶಾಯಿ ಕಂಡದ್ದೇ ಹಿತ್ತಲಿನಿಂದ ಒಂದು ಹಿಡಿ ಬಿಂಬುಳಿ ಕೊಯ್ದು ತಂದರು. ಹಿತ್ತಾಳೆ ಚೊಂಬು ತಿಕ್ಕುವಂತೆ ಆ ಹುಳಿಕಾಯಿಯಿಂದ ನನ್ನ ಬೆರಳು ತಿಕ್ಕತೊಡಗಿದರು.

"ಎಂತ ಅಣ್ಣಯ್ಯ, ಹುಚ್ಚಾ?" ಎಂದೆ.

ಆಗ ಹೇಳಿದರು. ಕ್ಯಾಂಪಿನಲ್ಲಿ ಪಾತ್ರೆ ತೊಳೆಯಲು ಆ ಊರಿನವನೇ ಒಬ್ಬ ಬರುತ್ತಿದ್ದನಂತೆ. ದಿನವೂ ಗೇಟಿನಲ್ಲಿ ಮೈ ತಡವಿಯೇ ಅವನನ್ನು ಒಳಗೆ ಬಿಡುತ್ತಿದ್ದರಂತೆ. "ಮನಿ ಅವಂದ್ ಮಾರಾಯ್ತಿ, ಬಂದ ನೆಂಟ್ರ್ ಬಾಗ್ಲಲ್ಲ್ ನಿಂತ್ ತಪಾಸಣಿ ಮಾಡುದ್!"

ಅಲ್ಲಿಗೂ ಓಟು ಬಂತು. ಬೆರಳಿನ ಶಾಯಿ ನೋಡಿ, ಹಾಕಿದವರನ್ನು ಕೊಲ್ಲುತ್ತೇವೆಂದು ಬೆದರಿಸುವವರೂ ಇದ್ದರು. ಹೋಗಲೋ ಬೇಡವೋ ಎಂದು ಅವನು ಕೇಳಿದಾಗ ಅಣ್ಣಯ್ಯ ತಮಗೆ ಬರುವ ಹರಕು ಅರಬ್ಬಿಯಲ್ಲಿ ಧೈರ್ಯ ಹೇಳಿದ್ದರು: ಹಾಕು, ಆಮೇಲೆ ಈ ಅಮೆರಿಕದವರೆಲ್ಲ ತಮ್ಮ ಊರಿಗೆ ಹೋಗುತ್ತಾರೆ, ನಮ್ಮಲ್ಲೂ ಬ್ರಿಟಿಷರು ಹೋದರು.

ಓಟಿನ ಮರುದಿನ ಅವನು ಶಾಯಿಯ ಬೆರಳೆತ್ತಿ ತೋರಿಸಿ ನಕ್ಕನಂತೆ. ಗೇಟಿನಲ್ಲಿ ಅಂದೂ ಮೈ ತಡವಿದ್ದರು. ಅದರ ಮಾರನೆಯ ದಿನ ಅವನು ಬರಲಿಲ್ಲ. ಮತ್ತೆಂದೂ ಬರಲಿಲ್ಲ.

"ನಂಗ್ ಬುದ್ಧಿ ಇಲ್ಲ ತಂಗಿ. ನಮ್ಮಲ್ಲ್ ಬ್ರಿಟಿಷ್ರ್ ಹೋದ್ರ್, ಕಡಿಗ್ ಓಟ್ ಬಂತ್. ಅಲ್ಲ್ ಅಮೆರಿಕದವ್ರೇ ಓಟ್ ತಂದದ್ದ್. ತಂದವ್ರ್ ಹೋತ್ರಾ?"

ಅಂದಿನಿಂದ ಪ್ರತಿ ಓಟಿಗೂ ಬಿಂಬುಳಿ ಹಿಡಿದು ಜಗಲಿಯಲ್ಲಿ ಕಾಯುತ್ತಿದ್ದರು. ತಾವು ಮತ್ತೆ ಓಟು ಹಾಕಲಿಲ್ಲ. ನನ್ನನ್ನು ಬೇಡವೆನ್ನಲೂ ಇಲ್ಲ. ಹುಳಿಗೆ ಚರ್ಮ ಉರಿಯುತ್ತಿತ್ತು, ಶಾಯಿ ಹೋಗುತ್ತಿರಲಿಲ್ಲ.

ಕೊನೆಯ ಸಲ ಅವರು ಹಾಸಿಗೆ ಹಿಡಿದಿದ್ದರು, ಕಣ್ಣು ಕಾಣುತ್ತಿರಲಿಲ್ಲ. ಓಟು ಹಾಕಿ ಬಂದು ಹತ್ತಿರ ಕುಳಿತೆ. ತಡಕಾಡಿ ನನ್ನ ಬೆರಳು ಹಿಡಿದು, ಬರಿಯ ಹೆಬ್ಬೆರಳಿನಿಂದಲೇ ತಿಕ್ಕಿದರು.

"ಹೋಯ್ತಾ?"

"ಹೋಯ್ತ್, ಅಣ್ಣಯ್ಯ."

ಅವರು ತೀರಿಕೊಂಡು, ಬೊಜ್ಜದ ಊಟಕ್ಕೆ ಕುಳಿತಾಗಲೂ, ಬಾಳೆಲೆ ಹಿಡಿದ ನನ್ನ ಎಡಗೈಯ ಉಗುರಿನ ಮೇಲೆ ಆ ಕಪ್ಪು ಹಾಗೆಯೇ ಇತ್ತು.