ಅಜ್ಜಿಯ ಕಿವಿಗೆ ಹೇಳಿದ ಕೊಲೆಯ ಕಥೆ

ಆ ದಿನಗಳಲ್ಲಿ ಅಜ್ಜಿಯೊಬ್ಬಳನ್ನು ಬಿಟ್ಟು ನಮ್ಮ ಮನೆಯ ಯಾರ ಮೇಲೂ ನನಗೆ ನಂಬಿಕೆ ಇರಲಿಲ್ಲ. ನನಗಾಗ ಹತ್ತು ವರ್ಷ. ನವೆಂಬರ್ ಬಂತೆಂದರೆ ಟೋಟೆಮ್ ಲೇಕ್‌ನಲ್ಲಿ ಶಾಲೆಯ ಬಸ್ಸು ಇಳಿದು ಮನೆ ಸೇರುವಷ್ಟರಲ್ಲಿ ಕತ್ತಲು ಕವಿದಿರುತ್ತಿತ್ತು. ಅಪಾರ್ಟ್‌ಮೆಂಟಿನ ಬಾಗಿಲು ತೆಗೆದರೆ ಒದ್ದೆ ಜಾಕೆಟ್‌ಗಳ ವಾಸನೆ, ಅದರ ಹಿಂದೆಯೇ ಅಜ್ಜಿ ಹುರಿಯುತ್ತಿದ್ದ ಕಡಲೆಕಾಯಿ ಬೀಜದ ವಾಸನೆ. ಅಜ್ಜಿ ಅಂದರೆ ಅಪ್ಪನ ತಾಯಿ. ಬೇಸಿಗೆಯಲ್ಲಿ ಮಂಡ್ಯದಿಂದ ಈ ಪರದೇಶಕ್ಕೆ ಬಂದವಳು ಇಲ್ಲಿ ಎದೆನೋವು ಬಂದು ಸ್ಟೆಂಟ್ ಹಾಕಿಸಿಕೊಂಡಿದ್ದಳು. ಸದ್ಯಕ್ಕೆ ವಿಮಾನ ಹತ್ತಕೂಡದು, ಮನಸ್ಸಿಗೆ ಆಘಾತವಾಗಕೂಡದು ಎಂದು ಡಾಕ್ಟರು ಹೇಳಿದ್ದರು. ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು, ಚೌಕಾಬಾರ ಆಡುತ್ತಿದ್ದೆವು. ಆಟದಲ್ಲಿ ಅವಳು ರಾಜಾರೋಷವಾಗಿ ಮೋಸ ಮಾಡುತ್ತಿದ್ದಳು. ಅವಳನ್ನು ಊರಿಗೆ ಕಳಿಸಿಬಿಡುತ್ತಾರೇನೋ ಎಂಬುದೇ ಆಗ ನನ್ನ ದೊಡ್ಡ ಭಯ.

ಅನುಮಾನ ಹುಟ್ಟಿದ್ದು ದೀಪದಿಂದ. ಅಡುಗೆಮನೆಯ ಕಪಾಟಿನಲ್ಲಿದ್ದ ದೇವರ ಮುಂದೆ ಅಮ್ಮ ಪ್ರತಿ ಸಂಜೆ ದೀಪ ಹಚ್ಚುತ್ತಿದ್ದಳು. ಒಂದು ದಿನ ಆ ಕಪಾಟಿನ ಬಾಗಿಲು ಮುಚ್ಚಿತು. ಕೇಳಿದರೆ, ದೀಪದ ಹೊಗೆಗೆ ಸ್ಮೋಕ್ ಅಲಾರಂ ಹೊಡೆದುಕೊಳ್ಳುತ್ತದೆ, ಪಕ್ಕದವರು ಕಂಪ್ಲೇಂಟ್ ಮಾಡಿದ್ದಾರೆ ಎಂದಳು. ಹಸಿ ಸುಳ್ಳು. ನಮ್ಮ ಅಲಾರಂ ಹೊಡೆದುಕೊಳ್ಳುತ್ತಿದ್ದುದು ಒಣಮೆಣಸಿನಕಾಯಿ ಒಗ್ಗರಣೆಗೆ. ಆಗೆಲ್ಲ ಅಪ್ಪ ಅದರ ಕೆಳಗೆ ನಿಂತು ಟವೆಲ್ ಬೀಸುತ್ತಾ ಕುಣಿಯುತ್ತಿದ್ದ. ಒಗ್ಗರಣೆ ನಿಂತಿರಲಿಲ್ಲ, ದೀಪ ಮಾತ್ರ ನಿಂತಿತ್ತು. ಅದೇ ವಾರ ಅಜ್ಜಿಯ ಫೋನನ್ನು ರಿಪೇರಿಗೆಂದು ಒಯ್ದ ಅಪ್ಪ ವಾಪಸ್ ತರಲಿಲ್ಲ. ಗಡ್ಡ ಬಿಡತೊಡಗಿದ. ಆಫೀಸಿನ ಗಂಡಸರೆಲ್ಲ ಈ ತಿಂಗಳು ಗಡ್ಡ ಬಿಡುವ ಪಂದ್ಯ ಕಟ್ಟಿದ್ದಾರಂತೆ. ಊರಿನಿಂದ ಕಾಲ್ ಬಂದರೆ ಕೆಳಗಿಳಿದು ಹೋಗಿ ಕಾರಿನಲ್ಲಿ ಕೂತು ಮಾತಾಡುತ್ತಿದ್ದ. ನಾನು ಅಡುಗೆಮನೆಗೆ ಕಾಲಿಟ್ಟರೆ ಅವರಿಬ್ಬರ ಮಾತು ತಟ್ಟನೆ ಹವಾಮಾನದ ಕಡೆ ತಿರುಗುತ್ತಿತ್ತು. ಅಜ್ಜಿಯ ಮುಂದಂತೂ ಇಬ್ಬರೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದರು.

ಅಷ್ಟರಲ್ಲಿ ದೀಪಾವಳಿ ಬಂತು. ಎದುರು ಮನೆಯ ತೆಲುಗು ಆಂಟಿ ಕಾರಿಡಾರಿನಲ್ಲಿ ಬ್ಯಾಟರಿ ದೀಪ ಸಾಲಾಗಿ ಇಟ್ಟರು. ನಮ್ಮ ಮನೆಯಲ್ಲಿ ಎಣ್ಣೆಸ್ನಾನವಿಲ್ಲ, ಕಜ್ಜಾಯವಿಲ್ಲ. ಯಾವ ಸಿನಿಮಾ ಬಂದರೂ ಆಮೇಲೆ ಟೀವಿಯಲ್ಲಿ ನೋಡಿದರಾಯಿತು ಎನ್ನುತ್ತಿದ್ದ ಅಪ್ಪ, ಹಬ್ಬದ ಸಂಜೆ ಎಲ್ಲರನ್ನೂ ಥಿಯೇಟರಿಗೆ ಹೊರಡಿಸಿದ. ಹೆಸರಾಂತ ಹಳೆಯ ಪತ್ತೇದಾರಿ ಕಾದಂಬರಿ, ನೀರಿನಂತೆ ದುಡ್ಡು ಸುರಿದು ತೆಗೆದಿದ್ದಾರೆ ಎಂದು ಅಜ್ಜಿಗೆ ವಿವರಿಸಿದ. ಕಾರಿನಿಂದ ಇಳಿಯುವಾಗ ಅಮ್ಮನಿಗೆ ಮೆಲ್ಲಗೆ, "ಸಿನಿಮಾ ಮುಗಿಯೋವರೆಗೂ ಯಾರೂ ಹಬ್ಬದ ಕಾಲ್ ಮಾಡೋಕಾಗಲ್ಲ, ಬಾಯಿ ತಪ್ಪಿ ಹೇಳೋಕೂ ಆಗಲ್ಲ" ಎಂದದ್ದು ನನ್ನ ಕಿವಿಗೆ ಬಿತ್ತು.

ಸಿನಿಮಾ ವೈಭವವೋ ವೈಭವ. ಹಿಮ ಮುಚ್ಚಿದ ಬೆಟ್ಟದ ಮೇಲೆ ಅರಮನೆಯಂಥ ಬಂಗಲೆ, ಬೆಳ್ಳಿ ತಟ್ಟೆಗಳು, ಮುತ್ತಿನ ಸರಗಳು, ಮೆಟ್ಟಿಲ ಕೆಳಗೆ ಯಜಮಾನನ ಹೆಣ. ಒರಗುವ ಸೀಟಿನಲ್ಲಿ ಅಜ್ಜಿ ಶಾಲು ಹೊದ್ದು ಕಾಲು ಚಾಚಿದಳು. ಇಂಗ್ಲಿಷ್ ಬಾರದ ಅವಳಿಗೆ ಕಥೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಬೆಳೆದವಳು ನಾನು. ಅವತ್ತು ಪಾಪ್‌ಕಾರ್ನ್ ಅಗಿಯುತ್ತಾ ಅವಳ ಕಿವಿಗೆ ಬಾಯಿಟ್ಟು, ಇವಳು ಸತ್ತವನ ಅಕ್ಕ, ಇವನು ಅವಳ ಅಳಿಯ, ಇವನು ಪತ್ತೇದಾರ ಎಂದು ಒಂದೇ ಸಮನೆ ಪಿಸುಗುಟ್ಟಿದೆ. ಅಳಿಯ ಆ ಮುದುಕಿಗೆ ಹೆಜ್ಜೆಹೆಜ್ಜೆಗೂ ಶಾಲು ಹೊದಿಸುತ್ತಿದ್ದ, ಸೂಪು ತಂದು ಕೊಡುತ್ತಿದ್ದ. ಅಜ್ಜಿ ನನ್ನ ಮೊಣಕೈ ತಿವಿದಳು. "ಇವ್ನೇ ಕಣವ್ವ. ಅತಿ ವಿನಯ ಧೂರ್ತ ಲಕ್ಷಣ." ಅದನ್ನು ಕಂಡುಹಿಡಿಯಲು ಪತ್ತೇದಾರನಿಗೆ ಕೊನೆಯ ರೀಲಿನವರೆಗೂ ಬೇಕಾಯಿತು.

ನಡುವೆ, ಸತ್ತವನ ಅಕ್ಕ ಹೆಣದ ಪಕ್ಕ ಕೂತು ಅಳುವ ದೃಶ್ಯ ಬಂತು. ಅಜ್ಜಿಯೂ ಅತ್ತಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಮೈಯೆಲ್ಲ ಅಲುಗುವಂತೆ ಅತ್ತಳು. ದೃಶ್ಯ ಮುಗಿದು ಪರದೆಯ ಮೇಲೆ ಎಲ್ಲರೂ ಟೀ ಕುಡಿಯತೊಡಗಿದರೂ ನಿಲ್ಲಿಸಲಿಲ್ಲ. ಅಪ್ಪ ಬಗ್ಗಿ ನೋಡಿ, ಅವ್ವಂಗೆ ಸಿನಿಮಾ ಹಿಡಿಸಿಬಿಟ್ಟಿದೆ ಎಂದು ಅಮ್ಮನಿಗೆ ಹೇಳಿದ.

ನನಗೆ ಅದೂ ಅನುಮಾನವೇ. ಮನೆಗೆ ಬಂದವಳೇ ಕೋಣೆಯ ಬಾಗಿಲು ಹಾಕಿ, ಪತ್ತೇದಾರನಂತೆ ಬೆನ್ನ ಹಿಂದೆ ಕೈ ಕಟ್ಟಿಕೊಂಡು, ದೀಪ, ಫೋನು, ಗಡ್ಡ ಎಲ್ಲವನ್ನೂ ಅಜ್ಜಿಯ ಮುಂದಿಟ್ಟೆ. ನಿನ್ನನ್ನು ಗುಟ್ಟಾಗಿ ಊರಿಗೆ ಕಳಿಸುತ್ತಿದ್ದಾರೆ, ಅದಕ್ಕೇ ನೀನು ಅತ್ತದ್ದು ಎಂದೆ. ಅವಳು ಮಂಚದ ಮೇಲೆ ಕೂತು ಪೂರ್ತಿ ಕೇಳಿದಳು.

"ಎಲ್ಲಾ ಸರಿಯಾಗೇ ನೋಡಿದ್ದೀಯ, ಕೊನೇಲಿ ತಪ್ಪಿದೆ" ಎಂದಳು. "ಸೂತಕ ಇಲ್ದೆ ನಿಮ್ಮವ್ವ ದೀಪ ನಿಲ್ಸೋಳಲ್ಲ. ನನ್ ಫೋನ್ ಕಿತ್ಕಂಡವ್ರೆ ಅಂದ್ರೆ ಊರಲ್ಲೇ ಯಾರೋ ಹೋಗವ್ರೆ. ನಿಮ್ಮಪ್ಪ ಗಡ್ಡ ಬಿಟ್ಟವ್ನೆ ಅಂದ್ರೆ ನಮ್ಮನೇವ್ನೇ. ನಮ್ಮನೇಲಿ ಉಳ್ಕಂಡಿದ್ದೋನು ಅವ್ನೊಬ್ನೇ."

ಅವನೆಂದರೆ ತಾತನ ತಮ್ಮ. ವಿಡಿಯೋ ಕಾಲಿನಲ್ಲಿ ಯಾವಾಗಲೂ ಅರ್ಧ ಹಣೆ ಮಾತ್ರ ತೋರಿಸುತ್ತಿದ್ದ ನನ್ನ ಚಿಕ್ಕತಾತ. ಅಜ್ಜಿ ಮದುವೆಯಾಗಿ ಬಂದಾಗ ಅವನಿನ್ನೂ ತಾಯಿ ಇಲ್ಲದ ಪುಟ್ಟ ಹುಡುಗ. ಮೀಯಿಸಿ, ಉಣ್ಣಿಸಿ ಬೆಳೆಸಿದವಳು ಇವಳು. ಅಪ್ಪ ಅಮ್ಮ ಆ ಸಾವನ್ನು ಅಜ್ಜಿಯಿಂದ ಮುಚ್ಚಿಟ್ಟರು, ದೇವರಿಂದ ಮುಚ್ಚಿಡುವ ಧೈರ್ಯ ಅವರಿಗೆ ಬರಲಿಲ್ಲ.

ಗೊತ್ತು ಎಂದು ಅವರಿಗೆ ಹೇಳಬಾರದೇ ಎಂದು ಕೇಳಿದೆ.

"ಕೇಳುದ್ರೆ ನನ್ನೆದೆ ಒಡೆದೋಯ್ತದೆ ಅಂತ ನಿಮ್ಮಪ್ಪ ಹೆದ್ರಿಕಂಡವ್ನೆ. ಹೆದ್ರಿಕಂಡಿರೋ ಮಗನ ಮುಂದೆ ಹೆಂಗವ್ವ ಅಳಾದು? ಇವತ್ತು ಆ ಕತ್ಲಲ್ಲಿ ಅತ್ಕಂಡೆ. ಅವ್ನಾಗೇ ಹೇಳಗಂಟ ನೀನೂ ಬಾಯ್ ಬಿಡ್ಬ್ಯಾಡ."

ನನಗೆ ಸಿಟ್ಟು ಬಂತು. ನಂಬಿದ್ದವಳು ಇವಳೊಬ್ಬಳು, ಇವಳೂ ನಾಟಕ ಆಡುತ್ತಿದ್ದಳು. ಆದರೂ ಅವಳ ಪಕ್ಕ ಹೋಗಿ ಕೂತೆ. ಅವಳು ಚಿಕ್ಕತಾತನ ಚೇಷ್ಟೆಗಳನ್ನು ಒಂದೊಂದಾಗಿ ಹೇಳಿದಳು, ಅಡುಗೆಮನೆಯಿಂದ ಅಮ್ಮ ಊಟಕ್ಕೆ ಕರೆಯುವವರೆಗೆ.

ತಿಂಗಳು ಮುಗಿಯುವ ಮೊದಲೇ ಅಪ್ಪ ಗಡ್ಡ ಬೋಳಿಸಿದ. ಪಂದ್ಯ ಏನಾಯಿತೆಂದು ಯಾರೂ ಕೇಳಲಿಲ್ಲ. ಕಪಾಟಿನ ಬಾಗಿಲು ತೆರೆಯಿತು. ಎದೆ ಗಟ್ಟಿಯಾಗಿದೆ ಎಂದು ಡಾಕ್ಟರು ಹೇಳಿದ ಮೇಲೆ, ಕ್ರಿಸ್‌ಮಸ್ ರಜೆಯಲ್ಲಿ, ಅಪ್ಪ ಅಜ್ಜಿಯನ್ನು ಸೋಫಾದಲ್ಲಿ ಕೂರಿಸಿ ಕೈ ಹಿಡಿದುಕೊಂಡು ವಿಷಯ ಹೇಳಿದ. ಅಜ್ಜಿ ಆಗಷ್ಟೇ ಕೇಳಿದವಳಂತೆ ತಲೆಯ ಮೇಲೆ ಕೈಹೊತ್ತು ಅತ್ತಳು. ಅಪ್ಪನೂ ಅವಳ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿದ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಜ್ಜಿಯ ಯಾವ ಅಳು ನಿಜ, ಯಾವುದು ನಟನೆ ಎಂದು ನಾನು ಎದುರಿಗೆ ನಿಂತು ಅವಳ ಮುಖವನ್ನೇ ಪರೀಕ್ಷಿಸುತ್ತಿದ್ದೆ. ಎರಡೂ ನಿಜವೆಂದು ತಿಳಿಯಲು ವರ್ಷಗಳು ಬೇಕಾದವು.

ಈಗ ನಾನು ಮನೆ ಬಿಟ್ಟು, ಕಾಲೇಜಿನ ಪಕ್ಕದ ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದೇನೆ. ಇನ್ನು ಮೇಲೆ ಮನೆಯಲ್ಲಿ ಮುಚ್ಚುಮರೆ ಬೇಡವೆಂದು ಅಪ್ಪ ಅಂದೇ ತೀರ್ಮಾನಿಸಿದ್ದ, ಹಾಗೇ ನಡೆದುಕೊಂಡೂ ಬಂದಿದ್ದಾನೆ. ಅಮ್ಮನ ರಕ್ತಪರೀಕ್ಷೆಯ ರಿಪೋರ್ಟು ಕೂಡ ಫ್ಯಾಮಿಲಿ ಗ್ರೂಪಿಗೆ ಬರುತ್ತದೆ. ಯಾರೂ ಕಾರಿನಲ್ಲಿ ಕೂತು ಗುಟ್ಟಾಗಿ ಮಾತಾಡುವುದಿಲ್ಲ. ಕಳೆದ ವರ್ಷ ಮಂಡ್ಯದಲ್ಲಿ ಅಜ್ಜಿ ತೀರಿಕೊಂಡಾಗಲೂ ಅಪ್ಪ ತಕ್ಷಣ ಕಾಲ್ ಮಾಡಿ ಒಂದೇ ವಾಕ್ಯದಲ್ಲಿ ಹೇಳಿದ. ನಾನು ಲೈಟ್ ರೈಲಿನ ಪ್ಲಾಟ್‌ಫಾರಂನಲ್ಲಿದ್ದೆ. ಅವನ ದನಿ ನಡುಗುತ್ತಿತ್ತು. ಟಿಕೆಟ್ ಸಿಕ್ಕಿತೇ, ಊಟ ಆಯಿತೇ ಎಂದೆಲ್ಲ ವಿಚಾರಿಸಿದೆ. ನೀನು ಹೇಗಿದ್ದೀಯ ಎಂದು ಅವನು ಕೇಳಿದ. ಆರಾಮಾಗಿದೀನಿ ಎಂದೆ.

ಅಪ್ಪ ನಂಬಿದ. ಅಜ್ಜಿಯಾಗಿದ್ದರೆ ನಂಬುತ್ತಿರಲಿಲ್ಲ.